ಹಲ್ಲಿಲ್ಲದ ದಫೇದಾರ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಸೆಟ್ಟಪ್ಪ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಅಂಚೆಯವನೊಬ್ಬ ಅದೇ ನಿಜವಾದ ಹೆಸರೆಂದು ತಿಳಿದು, ಆರು ತಿಂಗಳು ಅವನ ಕಾಗದಗಳನ್ನೆಲ್ಲ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಬರೆದು ವಾಪಸು ಕಳಿಸಿದ್ದುಂಟು. ಅಸಲಿಗೆ ಅದು ಕೆಲಸದಿಂದ ಅಂಟಿಕೊಂಡ ಹೆಸರು. ಅವನು ಹಲ್ಲುಸೆಟ್ಟು ಕಟ್ಟುತ್ತಿದ್ದ. ಊರಿನ ಏಳೆಂಟು ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದರು. ಅವನು ಅದಕ್ಕೆ ಪ್ಲಾಸ್ಟರ್ ಹುಯ್ದು, ಒಣಗಿಸಿ, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಅದೇ ಡಬ್ಬಿಯಲ್ಲಿ ಹಿಂದಿರುಗಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಎಷ್ಟು ಬಾಯಿಗಳಿಗೆ ಹಲ್ಲು ಕಟ್ಟಿದನೋ ಅವನಿಗೇ ನೆನಪಿಲ್ಲ. ಆದರೆ ಆ ಬಾಯಿಗಳ ಮುಖವನ್ನು ಮಾತ್ರ ಅವನು ಕಂಡವನಲ್ಲ. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಬಾಯ್ತುಂಬ ನಕ್ಕರೆ, ಇದು ನನ್ನ ಕೈಯದೇ ಇರಬಹುದೇ ಎಂದು ಕತ್ತು ಉದ್ದ ಮಾಡಿ ನೋಡುವುದು ಅವನ ಚಟ. ಹೆಂಡತಿ ಮೊಣಕೈಯಿಂದ ತಿವಿದು ಈ ಲೋಕಕ್ಕೆ ಎಳೆದು ತರಬೇಕಾಗುತ್ತಿತ್ತು.

ಕೆಲಸದ ಜಾಗ ಮನೆಯ ಹಿಂದುಗಡೆ, ಓಣಿಗೆ ಕಿಟಕಿಯಿದ್ದ ಉದ್ದನೆಯ ಕೋಣೆ. ಒಂದು ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿ ದವಡೆಗಳ ಸಾಲು, ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಬರೆದ ನಂಬರು. ಎಲ್ಲೆಲ್ಲೂ ಪ್ಲಾಸ್ಟರಿನ ಪುಡಿ, ಕಾದ ಮೇಣದ ವಾಸನೆ. ಮೊದಲ ಸಲ ಬಂದವರು ಆ ದವಡೆಗಳೆಲ್ಲ ತಮ್ಮನ್ನೇ ನೋಡಿ ನಗುತ್ತಿವೆ ಎಂದುಕೊಂಡು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಸೆಟ್ಟಪ್ಪನಿಗೆ ಮಾತ್ರ ಅಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಅವನಲ್ಲದೆ ಇಬ್ಬರು ಹೆಂಗಸರು. ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಯಾವಾಗ ಒತ್ತಬೇಕು, ಯಾವಾಗ ಸುಮ್ಮನಿರಬೇಕು ಎಂದು ಅಳೆಯುವುದೇ ಅವಳ ಕಸುಬು. ಇಪ್ಪತ್ತು ವರ್ಷದ ಅಭ್ಯಾಸದಿಂದ ಮನೆಯಲ್ಲೂ ಅವಳ ಬಲಗಾಲು ಕಾಣದ ಬ್ರೇಕೊಂದರ ಮೇಲೆ ಸಿದ್ಧವಾಗಿರುತ್ತಿತ್ತು. ಗಂಡ ಏನಾದರೂ ಹೊಸ ಯೋಚನೆ ಶುರುಮಾಡಿದರೆ ಅದು ಟಪ್ಪನೆ ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು.

ಇನ್ನೊಬ್ಬರು ಅತ್ತೆ, ಹೆಂಡತಿಯ ತಾಯಿ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಮಂಡಿ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದು ಮುಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದರು. ಅವರು ದೂರದ ಊರಿನಲ್ಲಿದ್ದಾಗಲೇ ಅಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದ್ದರು, ಅಳಿಯ ಮುತುವರ್ಜಿಯಿಂದ ಎರಡೂ ದವಡೆಗೆ ಸೆಟ್ಟು ಕಟ್ಟಿ ಪಾರ್ಸೆಲ್ ಮಾಡಿದ್ದ. ಅತ್ತೆ ಅದನ್ನು ಒಂದು ನೀಲಿ ಡಬ್ಬಿಯ ನೀರಿನಲ್ಲಿ ಮುಳುಗಿಸಿಟ್ಟವರು, ಫೋಟೋ ತೆಗೆಯುವ ಹೊತ್ತು ಬಿಟ್ಟರೆ ಹೊರಗೆ ತೆಗೆದವರಲ್ಲ. ಊರಿಗೆಲ್ಲ ಹಲ್ಲು ಕಟ್ಟುವವನ ಮನೆಯಲ್ಲೇ ಬೊಚ್ಚುಬಾಯಿ. ಬಂದವರು ನಗೆ ನುಂಗಿಕೊಳ್ಳುವುದು ಸೆಟ್ಟಪ್ಪನಿಗೆ ಗೊತ್ತಾಗುತ್ತಿತ್ತು. ಕೇಳಿದರೆ ಅತ್ತೆ, “ಚೆನ್ನಾಗೇ ಇದೆಯಪ್ಪ. ಹಾಕ್ಕೋತೀನಿ, ಹಾಕ್ಕೋತೀನಿ,” ಎಂದು ಮಾತು ತೇಲಿಸಿಬಿಡುತ್ತಿದ್ದರು.

ಈ ಮೂವರ ಜತೆಗೆ ಜೀರಿಗೆ. ಅದು ಹೆಂಡತಿಯ ಬೆಕ್ಕು. ಒಂಬತ್ತು ವರ್ಷದ ಹಿಂದೆ ಶಾಲೆಯ ಕಾರಿನ ಬಾನೆಟ್ಟಿನೊಳಗಿಂದ ಕೀರಲು ದನಿ ಕೇಳಿ ಎತ್ತಿ ನೋಡಿದರೆ ಅಂಗೈಯಗಲದ ಮರಿ. ಬೂದುಬಣ್ಣದ ಮೈಮೇಲೆ ಜೀರಿಗೆ ಚೆಲ್ಲಿದ ಹಾಗೆ ಕಂದು ಚುಕ್ಕೆ. ಈಗ ಅದು ಹೊಸ್ತಿಲು ದಾಟದ, ಯಾರ ತೊಡೆಯನ್ನೂ ಸುಲಭಕ್ಕೆ ಒಪ್ಪದ ಗಂಭೀರ ಹೆಣ್ಣುಬೆಕ್ಕು.

ಈ ಸಂಸಾರಕ್ಕೆ ದಫೇದಾರ ಬಂದದ್ದು ಓಣಿಯ ಕಡೆಯಿಂದ. ಕಿತ್ತಳೆ ಬಣ್ಣದ ಗಂಡುಬೆಕ್ಕು. ಗುಂಡುಕಲ್ಲಿನಂಥ ತಲೆ, ಉಬ್ಬಿದ ಕೆನ್ನೆ, ಅರ್ಧ ಹರಿದ ಎಡಗಿವಿ. ದಿನಾ ಬೆಳಿಗ್ಗೆ ಕಾಂಪೌಂಡ್ ಗೋಡೆಗಳ ಮೇಲೆ ಬೀದಿಯ ಈ ತುದಿಯಿಂದ ಆ ತುದಿಗೆ ಪಹರೆ ಹೋಗುವುದು, ಎದುರು ಸಿಕ್ಕ ಗಂಡುಬೆಕ್ಕಿಗೆ ನಾಲ್ಕು ಬಿಗಿಯುವುದು, ಆಮೇಲೆ ಬಂದು ಸೆಟ್ಟಪ್ಪನ ಕಿಟಕಿಯ ಹೊರಗೆ ಪೇರಿಸಿದ್ದ ಪ್ಲಾಸ್ಟರ್ ಮೂಟೆಗಳ ಮೇಲೆ ಬಿದ್ದುಕೊಳ್ಳುವುದು. ಹೆಸರಿಟ್ಟವನು ಸೆಟ್ಟಪ್ಪನೇ. ಬೇಯಿಸಿದ ಮೊಟ್ಟೆಯ ಚೂರನ್ನು ಕಿಟಕಿಯ ಸರಳಿನ ನಡುವೆ ಇಟ್ಟರೆ ದಫೇದಾರ ತಿಂದುಹೋಗುತ್ತಿತ್ತು. ಮುಟ್ಟಲು ಕೈ ಚಾಚಿದರೆ ಮಾತ್ರ ಹಲ್ಲು ತೋರಿಸುತ್ತಿತ್ತು. ವರ್ಷವೊಂದು ಹೀಗೇ ನಡೆಯಿತು.

ಒಂದು ದಿನ ಬೆಳಿಗ್ಗೆ ಸೆಟ್ಟಪ್ಪ ಕಿಟಕಿ ತೆಗೆದಾಗ ದಫೇದಾರ ಮೂಟೆಯ ಮೇಲೆ ಮಲಗಿದ್ದದ್ದು ತಲೆ ಎತ್ತಲಿಲ್ಲ. ಮುಂಗಾಲೊಂದು ಎರಡರಷ್ಟು ದಪ್ಪಗಾಗಿತ್ತು. ಕೈ ಚಾಚಿದ; ಸುಮ್ಮನಿತ್ತು. ಬೆನ್ನು ಸವರಿದ, ಆಗಲೂ ಸುಮ್ಮನಿತ್ತು. ಇಷ್ಟು ಸುಲಭಕ್ಕೆ ಮುಟ್ಟಿಸಿಕೊಳ್ಳುತ್ತಿದೆ ಎಂದರೆ ಎಷ್ಟು ನೋವಿರಬೇಕು ಎಂದುಕೊಂಡ. ಅಚ್ಚುಗಳು ಬರುವ ದೊಡ್ಡ ರಟ್ಟಿನ ಪೆಟ್ಟಿಗೆಯೊಂದಕ್ಕೆ ಮೇಣ ಕೊರೆಯುವ ಚಾಕುವಿನಿಂದಲೇ ಗಾಳಿಗೆ ತೂತು ಕೊರೆದು, ಬೆಕ್ಕನ್ನು ಅದರೊಳಗಿಟ್ಟುಕೊಂಡು, ಮಾರುಕಟ್ಟೆಯ ಹಿಂದಿದ್ದ ಪ್ರಾಣಿ ಆಸ್ಪತ್ರೆಗೆ ನಡೆದ.

ಅಲ್ಲಿನ ಡಾಕ್ಟರಮ್ಮ ಮಾತು ಕಡಿಮೆ, ಕೈ ಚುರುಕು. ಬಾವು ಕೊಯ್ದು ಕೀವು ತೆಗೆದರು. ಬೇರೆ ಬೆಕ್ಕು ಕಚ್ಚಿದ್ದು ಎಂದರು. ಆಮೇಲೆ ಒಂದು ಹನಿ ರಕ್ತವನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಪಟ್ಟಿಯ ಮೇಲೆ ಬಿಟ್ಟು ಗಡಿಯಾರ ನೋಡುತ್ತ ನಿಂತರು. ಹತ್ತು ನಿಮಿಷಕ್ಕೆ ಪಟ್ಟಿಯ ಮೇಲೆ ಒಂದರ ಪಕ್ಕ ಇನ್ನೊಂದು ಗೆರೆ ಮೂಡಿತು.

“ಕೂತ್ಕೊಳ್ಳಿ,” ಎಂದರು ಡಾಕ್ಟರಮ್ಮ. “ಇವನಿಗೆ ಎಫ್‌ಐವಿ ಇದೆ. ಮನುಷ್ಯರಿಗೆ ಎಚ್‌ಐವಿ ಬರುತ್ತಲ್ಲ, ಅದೇ ಕುಲದ್ದು. ಕಾಯಿಲೆ ಬಂದಾಗ ಮೈಯೊಳಗೆ ಅದನ್ನ ತಡೆಯೋ ಶಕ್ತಿ ಇರುತ್ತಲ್ಲ, ಅದನ್ನೇ ನಿಧಾನಕ್ಕೆ ತಿನ್ನುತ್ತೆ.”

ಸೆಟ್ಟಪ್ಪ ಬೆಂಚಿನ ತುದಿಯಲ್ಲಿ ಕೂತ. “ನಮಗೆ ಬರುತ್ತಾ ಅದು?”

“ಬರಲ್ಲ. ನಿಮಗೂ ಬರಲ್ಲ, ನಾಯಿಗೂ ಬರಲ್ಲ. ಬೆಕ್ಕಿಂದ ಬೆಕ್ಕಿಗೆ ಮಾತ್ರ. ಅದೂ ಜಗಳದಲ್ಲಿ ಹಲ್ಲು ಆಳಕ್ಕೆ ಇಳಿಯೋ ಹಾಗೆ ಕಚ್ಚಿದ್ರೆ. ಬೀದಿ ಕಾಯೋ ಗಂಡುಬೆಕ್ಕುಗಳಿಗೆ ಹಾಗೇ ಅಂಟೋದು.”

“ಔಷಧಿ?”

“ಅದನ್ನ ಓಡಿಸೋ ಔಷಧಿ ಇಲ್ಲ. ಹಾಗಂತ ಇವತ್ತೋ ನಾಳೆಯೋ ಸಾಯ್ತಾನೆ ಅಂತಾನೂ ಅಲ್ಲ. ಬೀಜ ತೆಗೆಸಿ, ಮನೆಯೊಳಗೆ ಇಟ್ಕೊಂಡು, ಒಳ್ಳೆ ಊಟ ಹಾಕಿ, ಸಣ್ಣ ನೆಗಡಿ ಬಂದ್ರೂ ನಾಳೆ ನೋಡೋಣ ಅನ್ನದೆ ಕರ್ಕೊಂಡು ಬಂದ್ರೆ ಎಷ್ಟೋ ವರ್ಷ ಚೆನ್ನಾಗಿರ್ತಾನೆ. ಬೀದಿಗೆ ಬಿಟ್ರೆ ಕಷ್ಟ. ಇವನಿಗೂ ಕಷ್ಟ, ಇವನು ಕಚ್ಚೋ ಬೆಕ್ಕುಗಳಿಗೂ ಕಷ್ಟ.”

ಸೆಟ್ಟಪ್ಪ ಪೆಟ್ಟಿಗೆಯೊಳಗೆ ಇಣುಕಿದ. ದಫೇದಾರ ಮತ್ತಿನಲ್ಲಿ ಬಾಯಿ ಅರ್ಧ ತೆರೆದು ಮಲಗಿತ್ತು, ಮೂಗಿನ ಮೇಲೆ ಇನ್ನೂ ಪ್ಲಾಸ್ಟರಿನ ಬಿಳಿ ಪುಡಿ. ಯೋಚನೆ ಮಾಡಿ ಹೇಳುತ್ತೇನೆ ಎನ್ನಲು ಬಾಯಿ ತೆರೆದವನು, “ನಮ್ಮನೇಲೇ ಇರ್ತಾನೆ ಬಿಡಿ,” ಎಂದುಬಿಟ್ಟ.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿಯ ಕಾಲು ನೆಲಕ್ಕೆ ತಾಗಿತು. ಅವಳು ಸಿಟ್ಟಾಗಲಿಲ್ಲ. ನಡುದಾರಿಯಲ್ಲಿ ಗೇರು ತಪ್ಪಿಸಿದ ಶಿಷ್ಯನನ್ನು ನೋಡುವ ಹಾಗೆ ಗಂಡನನ್ನು ನೋಡಿದಳು. “ಜೀರಿಗೆ ಗತಿ?” ಎಂದಳು, ಅಷ್ಟೆ. ಕೊನೆಗೆ ದಫೇದಾರ ಕೆಲಸದ ಕೋಣೆಯಲ್ಲಿ ಇರುವುದು, ನಡುವಿನ ಬಾಗಿಲು ಯಾವ ಕಾರಣಕ್ಕೂ ತೆರೆಯದಿರುವುದು ಎಂದು ಒಪ್ಪಂದವಾಯಿತು. ಅತ್ತೆ ತಮ್ಮ ಕೋಣೆಯಿಂದಲೇ, “ಮನೆಗೊಂದು ಬೆಕ್ಕು ಸಾಲದಾ?” ಎಂದರು. ಅವರಿಗೆ ಬೆಕ್ಕುಗಳೆಂದರೆ ಅಷ್ಟಕ್ಕಷ್ಟೆ.

ಬೀಜ ತೆಗೆಸಿ ತಂದ ಮೇಲೆ ದಫೇದಾರ ಒಂದು ವಾರ ಕಿಟಕಿಯ ಸರಳು ಹಿಡಿದು ಓಣಿಗೆ ಕೇಳುವ ಹಾಗೆ ಕೂಗಿತು. ಎರಡನೇ ವಾರ ಕೂಗು ಕಡಿಮೆಯಾಯಿತು. ಮೂರನೇ ವಾರ ಮೇಣ ಕಾಯಿಸುವ ದೀಪದ ಪಕ್ಕ, ಬೆಚ್ಚಗಿನ ಜಾಗದಲ್ಲಿ, ಅರ್ಧ ಮುಗಿದ ಸೆಟ್ಟುಗಳ ನಡುವೆ ಮಲಗಿ ಗೊರಕೆ ಹೊಡೆಯತೊಡಗಿತು. ಸೆಟ್ಟಪ್ಪ ಹಲ್ಲು ಕೂರಿಸುತ್ತ ಅದರೊಂದಿಗೆ ಮಾತಾಡುತ್ತಿದ್ದ. “ನೋಡೋ, ಈ ಯಜಮಾನರದ್ದು ಕೆಳದವಡೆ ಸ್ವಲ್ಪ ಸೊಟ್ಟ,” ಎಂದರೆ ಅದು ಒಂದು ಕಣ್ಣು ತೆರೆದು ಮುಚ್ಚುತ್ತಿತ್ತು. ಇಷ್ಟು ಒಳ್ಳೆಯ ಜತೆ ಆ ಕೋಣೆಯಲ್ಲಿ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಈ ಸುಖ ಎರಡು ತಿಂಗಳು ನಡೆಯಿತು. ಒಂದು ಮಧ್ಯಾಹ್ನ, ಅವನಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕಳಿಸುವ ಹಿರಿಯ ಹಲ್ಲಿನ ಡಾಕ್ಟರು ತಾವೇ ಬಂದು ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಳಗೆ ಅವನೇ ಕಟ್ಟಿದ ಮೇಲ್ದವಡೆಯ ಸೆಟ್ಟು. ಗುಲಾಬಿ ಬಣ್ಣದ ಅಂಗುಳಿನ ನಡುವೆ, ಹೊಳಪಿನ ಕೆಳಗೆ, ಗಾಜಿನೊಳಗಿನ ಹುಳದಂತೆ ಒಂದು ಕೂದಲು. ಕಿತ್ತಳೆ ಬಣ್ಣದ್ದು.

“ಇದು ಯಾರದು?” ಎಂದರು ಡಾಕ್ಟರು.

ಸೆಟ್ಟಪ್ಪನ ದೃಷ್ಟಿ ತಾನಾಗಿ ದೀಪದ ಪಕ್ಕಕ್ಕೆ ಹೋಯಿತು. ದಫೇದಾರ ಆರಾಮವಾಗಿ ಹೊಟ್ಟೆ ನೆಕ್ಕಿಕೊಳ್ಳುತ್ತಿತ್ತು. ಬೀದಿಯಲ್ಲಿ ಆಗಲೇ ‘ಸೆಟ್ಟಪ್ಪನ ಬೆಕ್ಕಿಗೆ ಏಡ್ಸ್ ಅಂತೆ’ ಎಂಬ ಮಾತು ಓಡಾಡುತ್ತಿದ್ದುದರಿಂದ ಅವನು ಗಡಿಬಿಡಿಯಲ್ಲಿ, “ಡಾಕ್ಟ್ರೇ, ಆ ಕಾಯಿಲೆ ಮನುಷ್ಯರಿಗೆ ಬರಲ್ಲ, ಪ್ರಾಣಿ ಡಾಕ್ಟರೇ ಹೇಳಿದಾರೆ,” ಎಂದ.

“ಯಾವ ಕಾಯಿಲೆ? ನಾನು ಕಾಯಿಲೆ ಸುದ್ದಿಗೇ ಬಂದಿಲ್ಲ. ಕೂದಲು ನೋಡ್ರೀ ಅಂದೆ. ಆರೋಗ್ಯವಾಗಿರೋ ಬೆಕ್ಕಿನ ಕೂದಲಾದ್ರೆ ಬಾಯಲ್ಲಿ ಇಟ್ಕೋತಾರಾ?”

ಸೆಟ್ಟಪ್ಪ ಡಬ್ಬಿಯ ಮುಚ್ಚಳ ಹಾಕಿದ. ತಪ್ಪು ತನ್ನದೇ, ಮೂವತ್ತು ವರ್ಷದಲ್ಲಿ ಇಂಥ ಕೆಲಸ ಅವನ ಕೈಯಿಂದ ಹೋದದ್ದಿಲ್ಲ. ಬೆಕ್ಕು ಕೋಣೆಯಿಂದ ಹೋಗಬೇಕು, ಕೋಣೆ ಮೂಲೆಮೂಲೆ ತೊಳೆಯಬೇಕು, ಅಲ್ಲಿಯವರೆಗೆ ಕೆಲಸ ಕಳಿಸುವುದಿಲ್ಲ ಎಂದು ಹೇಳಿ ಡಾಕ್ಟರು ಎದ್ದರು. ಹೋಗುವಾಗ ದಫೇದಾರನ ತಲೆಯನ್ನು ಬೆರಳ ತುದಿಯಿಂದ ತಟ್ಟಿ, “ಒಳ್ಳೆ ಜಾಗ ಹುಡುಕಿದೀಯ,” ಎಂದರು.

ಅಂದು ಸಂಜೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಪ್ರಾಣಿ ಡಾಕ್ಟರಮ್ಮನನ್ನು ಬೇರೆ ಮನೆ ಹುಡುಕಿಕೊಡಲು ಕೇಳಿದ್ದಾಗಿತ್ತು; ಹುಡುಕುತ್ತೇನೆ, ಆದರೆ ಕಿವಿ ಹರಿದ, ವಯಸ್ಸಾದ, ಈ ಕಾಯಿಲೆಯ ಗಂಡುಬೆಕ್ಕಿಗೆ ಯಾರೂ ಸಾಲುಗಟ್ಟಿ ನಿಂತಿರುವುದಿಲ್ಲ ಎಂದಿದ್ದರು. ಮನೆಯ ಹೆಣ್ಣುಬೆಕ್ಕಿನ ಜತೆ ಜಗಳವಿಲ್ಲದೆ ಹೊಂದಿಕೊಂಡರೆ ಅಪಾಯ ಬಹಳ ಕಡಿಮೆ, ಒಂದೇ ಬಟ್ಟಲಲ್ಲಿ ತಿಂದ ಮಾತ್ರಕ್ಕೆ ಅಂಟುವುದು ತೀರಾ ಅಪರೂಪ, ಆದರೆ ಅಪಾಯವೇ ಇಲ್ಲ ಎಂದು ನಾನು ಬರೆದುಕೊಡಲಾರೆ ಎಂದೂ ಹೇಳಿದ್ದರು.

“ನಂಗೆ ಅವನ ಮೇಲೇನೂ ಕೋಪ ಇಲ್ಲ,” ಎಂದಳು ಹೆಂಡತಿ. “ಆದ್ರೆ ಜೀರಿಗೆ ಒಂಬತ್ತು ವರ್ಷದಿಂದ ನನ್ನ ನಂಬ್ಕೊಂಡಿದಾಳೆ. ಆ ‘ಬಹಳ ಕಡಿಮೆ’ ಇದೆಯಲ್ಲ, ಅದೇ ಆಗಿಬಿಡೋದನ್ನ ನಾನು ದಿನಾ ರಸ್ತೇಲಿ ನೋಡ್ತೀನಿ.”

ಸೆಟ್ಟಪ್ಪ ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತ ಕೂತ. ಅವಳ ಮಾತು ಸರಿ ಎಂದು ಅವನಿಗೆ ಗೊತ್ತಿತ್ತು.

“ನನ್ನ ರೂಮಲ್ಲಿ ಇರಲಿ,” ಎಂದರು ಅತ್ತೆ.

ಇಬ್ಬರೂ ತಿರುಗಿ ನೋಡಿದರು.

“ಏನು ಹಾಗೆ ನೋಡ್ತೀರ? ನನ್ನ ಬಾಗಿಲು ಹಾಕ್ಕೊಂಡಿದ್ರೆ ಆಯ್ತಲ್ಲ. ಮಂಡಿ ನೋವಿನವಳು ನಾನೆಲ್ಲಿ ದಿನಕ್ಕೆ ನೂರು ಸಲ ಬಾಗಿಲು ತೆಗೀತೀನಿ? ಅವನೂ ಹೊರಗೆ ಹೋಗೋ ಹಾಗಿಲ್ಲ, ನಾನೂ ಹೋಗೋ ಹಾಗಿಲ್ಲ.”

ಹೀಗೆ ದಫೇದಾರ ಮುಂದಿನ ಕೋಣೆಗೆ ವರ್ಗವಾಯಿತು. ಬಡಗಿ ಬಂದು ಅಲ್ಲಿನ ಬಾಗಿಲಿಗೆ ತಂತಿಬಲೆಯ ಚೌಕಟ್ಟು ಕೂರಿಸಿದ. ಹೆಂಡತಿ ಕಾರು ಕಲಿಸುವ ಕ್ರಮದಲ್ಲೇ ಪಾಠ ಹಾಕಿದಳು. ಮೊದಲ ವಾರ ದಫೇದಾರನ ಹಾಸುಬಟ್ಟೆ ಜೀರಿಗೆಗೆ, ಜೀರಿಗೆಯದು ದಫೇದಾರನಿಗೆ. ಮುಖ ತೋರಿಸುವಂತಿಲ್ಲ, ವಾಸನೆ ಮಾತ್ರ. ಎರಡನೇ ವಾರ ಬಲೆಯ ಆಚೆಗೊಂದು ಬಟ್ಟಲು, ಈಚೆಗೊಂದು ಬಟ್ಟಲು. ಜೀರಿಗೆ ಬಾಲ ಬುರುಸು ಮಾಡಿಕೊಂಡು ಉಸ್ಸೆಂದಿತು. ಬೀದಿಯ ಗಂಡುಬೆಕ್ಕುಗಳನ್ನೆಲ್ಲ ಅಟ್ಟಾಡಿಸಿದ್ದ ದಫೇದಾರ ಬೆಚ್ಚಿಬಿದ್ದು ಮಂಚದ ಕೆಳಗೆ ನುಗ್ಗಿತು. ಎಂಟು ದಿನ ಇದೇ ಆಟ. ಒಂಬತ್ತನೇ ದಿನ ಜೀರಿಗೆ ಬೇಸರಗೊಂಡು, ಉಸ್ಸೆನ್ನುವುದನ್ನು ಅರ್ಧಕ್ಕೇ ಬಿಟ್ಟು ಊಟ ಮಾಡಿತು.

ಐದನೇ ವಾರ ಒಂದು ಮಧ್ಯಾಹ್ನ ಹೆಂಡತಿ ಮನೆಗೆ ಬಂದಾಗ ಬಲೆಯ ಬಾಗಿಲು ಹಾರುಹೊಡೆದಿತ್ತು. ಬ್ಯಾಗು ಅಲ್ಲೇ ಬಿಟ್ಟು ಓಡಿದಳು. ಅತ್ತೆ ಮಂಚದ ಮೇಲೆ ಒರಗಿ ಹಳೆಯ ಸಹೋದ್ಯೋಗಿಯ ಜತೆ ಫೋನಿನಲ್ಲಿದ್ದರು. ಅವರ ಕಾಲ ಬಳಿ, ಹೊದಿಕೆಯ ನಡುಮಧ್ಯೆ, ಜೀರಿಗೆ. ಜಾಗ ಬಿಟ್ಟುಕೊಟ್ಟು ಕಿಟಕಿಯ ಕಟ್ಟೆಯ ಮೇಲೆ ಮುದುರಿಕೊಂಡಿದ್ದ ದಫೇದಾರ.

“ಯಾರು ತೆಗೆದಿದ್ದು ಬಾಗಿಲು?”

ಅತ್ತೆ ಫೋನನ್ನು ಕೈಯಿಂದ ಮುಚ್ಚಿ ಹೇಳಿದರು, “ನಾನೇ. ನಾಲ್ಕು ದಿನ ಆಯ್ತು. ನೀನು ಕೆಲಸಕ್ಕೆ ಹೋದಮೇಲೆ ತೆಗೀತೀನಿ, ಬರೋಷ್ಟರಲ್ಲಿ ಹಾಕ್ತೀನಿ. ಇವತ್ತು ಮಾತಾಡ್ತಾ ಮರೆತುಬಿಟ್ಟೆ.”

ಎರಡು ದಿನ ಆ ಮನೆಯಲ್ಲಿ ತಾಯಿ ಮಗಳಿಗೆ ಮಾತಿರಲಿಲ್ಲ. ಉಪ್ಪು ಬೇಕಾದರೂ ಸೆಟ್ಟಪ್ಪನ ಮೂಲಕ ಬರಬೇಕಿತ್ತು. ಮೂರನೆಯ ದಿನ ಹೆಂಡತಿ ರಜೆ ಹಾಕಿ, ಒಂದು ಸ್ಟೂಲಿನ ಮೇಲೆ ಕೂತು, ತಾನೇ ಬಾಗಿಲು ತೆರೆದು, ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಬೆಕ್ಕುಗಳನ್ನೂ ನೋಡಿದಳು. ಜೀರಿಗೆ ಎದುರು ಬಂದರೆ ದಫೇದಾರ ದಾರಿ ಬಿಡುತ್ತಿತ್ತು. ಜೀರಿಗೆ ಅದರ ಬಟ್ಟಲಿಗೆ ಮೂತಿ ಹಾಕಿದರೆ ಪಕ್ಕಕ್ಕೆ ಸರಿದು, ಇದು ಮೊದಲಿನಿಂದಲೂ ನಿನ್ನದೇ ಎನ್ನುವಂತೆ ಗೋಡೆ ನೋಡುತ್ತ ಕೂರುತ್ತಿತ್ತು. ಅಂದು ಸಂಜೆ ಅವಳು ಬಲೆಯ ಬಾಗಿಲನ್ನು ಮುಚ್ಚದೆ ಎದ್ದಳು. “ಅಮ್ಮ, ಇನ್ನು ಮೇಲೆ ಏನೇ ಮಾಡೋದಿದ್ರೂ ಮೊದಲು ಹೇಳು,” ಎಂದಳು. ಅಲ್ಲಿಗೆ ಜಗಳ ಮುಗಿಯಿತು. ಮೂರು ತಿಂಗಳ ನಂತರ ಜೀರಿಗೆಯ ರಕ್ತ ಪರೀಕ್ಷೆ ಮಾಡಿಸಿದರು. ಪಟ್ಟಿಯ ಮೇಲೆ ಒಂದೇ ಗೆರೆ ಬಂತು, ಸೋಂಕಿರಲಿಲ್ಲ; ಹೆಂಡತಿ ಆ ಪಟ್ಟಿಯನ್ನು ಡಾಕ್ಟರಮ್ಮನಿಂದ ಕೇಳಿ ಪಡೆದು ಕೈಚೀಲಕ್ಕೆ ಹಾಕಿಕೊಂಡಳು.

ಆಮೇಲಿನ ಎರಡು ವರ್ಷ ಸದ್ದಿಲ್ಲದೆ ಕಳೆದವು. ಪ್ರತಿ ಭಾನುವಾರ ಪ್ಲಾಸ್ಟರ್ ತೂಗುವ ತಕ್ಕಡಿಯಲ್ಲಿ ದಫೇದಾರನನ್ನು ತೂಗುವುದು, ಕಣ್ಣು ಕಿವಿ ಮೂಗು ನೋಡುವುದು, ಹಸಿ ಮಾಂಸ ಕೊಡದೆ ಎಲ್ಲವನ್ನೂ ಬೇಯಿಸಿ ಹಾಕುವುದು, ಆರು ತಿಂಗಳಿಗೊಮ್ಮೆ ಆಸ್ಪತ್ರೆ. ಒಮ್ಮೆ ಸಣ್ಣ ನೆಗಡಿ ಎದೆಗೆ ಇಳಿದಾಗ ಸೆಟ್ಟಪ್ಪ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆಯ ನಡುವೆ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ದಿನ ಕೂತ. ಕೆಲಸದ ಕೋಣೆಗೆ ಹೋಗುವ ಮುನ್ನ ಬಟ್ಟೆ ಬದಲಿಸುವುದು ರೂಢಿಯಾಯಿತು. ಅಲ್ಲಿ ಒಬ್ಬನೇ ಕೂರುವುದು ಮೊದಮೊದಲು ಬೇಸರವೆನಿಸುತ್ತಿತ್ತು, ಆಮೇಲೆ ಅದೂ ಹೋಯಿತು.

ಮೂರನೆಯ ವರ್ಷ ಒಂದು ದಿನ ಊಟದ ಹೊತ್ತಿಗೆ ಅತ್ತೆ, “ಇವನಿಗೆ ಬಾಯಿ ನೋಯ್ತಾ ಇದೆ,” ಎಂದರು.

“ತಿಂತಾನೇ ಇದಾನಲ್ಲ,” ಎಂದ ಸೆಟ್ಟಪ್ಪ. “ತೂಕಾನೂ ಸರಿಯಾಗಿದೆ.”

“ತಿಂತಾನೆ. ಹೇಗೆ ತಿಂತಾನೆ ನೋಡು. ಬಟ್ಟಲ ಹತ್ರ ಹೋಗಿ ಒಂದು ಗಳಿಗೆ ಯೋಚನೆ ಮಾಡ್ತಾನೆ. ಆಮೇಲೆ ತಲೆ ವಾರೆ ಮಾಡಿ ಒಂದೇ ಕಡೇಲಿ ಅಗೀತಾನೆ. ನೀನು ಕಳಿಸಿದ ಸೆಟ್ಟು ಹೊಸದರಲ್ಲಿ ಹಾಕ್ಕೊಂಡಾಗ ನಾನೂ ಹಾಗೇ ತಿಂತಿದ್ದೆ.”

ಮೇಜಿನ ಮೇಲೆ ಎಲ್ಲರ ಕೈಯೂ ನಿಂತಿತು. ಅತ್ತೆ ಬಾಯಿ ತಪ್ಪಿ ಆಡಿದ ಮಾತು ಅದು; ಆಡಿದಮೇಲೆ ನುಂಗಿಕೊಳ್ಳಲಾಗದೆ ತಟ್ಟೆ ನೋಡುತ್ತ ಕೂತರು. ಸೆಟ್ಟಪ್ಪನ ಮುಖ ಸಪ್ಪಗಾಯಿತು.

ಅವನು ಮೊದಲು ದಫೇದಾರನನ್ನು ನೋಡಿದ. ತನ್ನ ಪುಟ್ಟ ಕನ್ನಡಿ ತಂದು, ಹೆಂಡತಿ ಹಿಡಿದುಕೊಂಡಾಗ ತುಟಿ ಎತ್ತಿದ. ವಸಡು ಕೆಂಪಗೆ ಬೆಂದ ಹಾಗಿತ್ತು, ಗಂಟಲ ಮೂಲೆಯವರೆಗೂ. ಮೂವತ್ತು ವರ್ಷ ವಸಡನ್ನೇ ತಿದ್ದಿದವನು, ಕಣ್ಣು ಕಿವಿ ಮೂಗು ಎಂದು ವಾರವಾರ ಎಣಿಸಿದವನು, ತನ್ನ ಮನೆಯ ಬೆಕ್ಕಿನ ಬಾಯಿ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಈ ಸೋಂಕಿರುವ ಬೆಕ್ಕುಗಳಲ್ಲಿ ಬಾಯಿ ಹುಣ್ಣಾಗುವುದು ಹೊಸದಲ್ಲ ಎಂದರು ಡಾಕ್ಟರಮ್ಮ. ಒಂದು ತಿಂಗಳು ಔಷಧಿ ನಡೆಯಿತು. ಇಳಿದಹಾಗೆ ಕಂಡದ್ದು ಮತ್ತೆ ಏರಿತು. ಕೊನೆಗೆ ಅವರು, “ಹಲ್ಲು ತೆಗೆದುಬಿಡೋಣ,” ಎಂದರು.

“ಯಾವ ಹಲ್ಲು?”

“ಎಲ್ಲಾ.”

ಸೆಟ್ಟಪ್ಪ ಎರಡು ಬೆರಳ ನಡುವೆ ಬೆಕ್ಕಿನ ದವಡೆಯಷ್ಟು ಅಳತೆ ಹಿಡಿದು ತೋರಿಸಿದ. “ನಾನು ಬೇಕಾದ್ರೆ ಒಂದು ಸಣ್ಣ ಸೆಟ್ಟು...” ಎಂದ. ಡಾಕ್ಟರಮ್ಮ ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು. “ಬೆಕ್ಕು ಅಗಿಯೋದೇ ಕಡಿಮೆ, ನುಂಗೋದೇ ಜಾಸ್ತಿ. ಹಲ್ಲು ನೋಯ್ತಾ ಇರೋದಕ್ಕಿಂತ ಇಲ್ಲದೆ ಇರೋದೇ ಸುಖ. ನೀವೇ ನೋಡ್ತೀರಿ.”

ಆಪರೇಷನ್ ದಿನ ಗಂಡಹೆಂಡಿರು ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತರು. ಆಮೇಲೆ ಡಾಕ್ಟರಮ್ಮ ಬಾಗಿಲಲ್ಲಿ ತಲೆ ತೋರಿಸಿ, “ಎದ್ದಿದಾನೆ. ನನ್ನ ಮೇಲೆ ಸಿಟ್ಟಾಗಿದಾನೆ,” ಎಂದರು. ನಾಲ್ಕು ದಿನ ಕೋಳಿಸಾರನ್ನು ಸಿರಿಂಜಿನಲ್ಲಿ ಕುಡಿಸಿದ್ದಾಯಿತು. ಐದನೇ ದಿನ ದಫೇದಾರ ತಾನೇ ಎದ್ದು ಜೀರಿಗೆಯ ಬಟ್ಟಲಿನ ಬಳಿ ನಡೆಯಿತು. ಮೂರು ವರ್ಷದಲ್ಲಿ ಮೊದಲ ಸಲ ಜೀರಿಗೆಯನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ರುಬ್ಬಿದ ಮೀನನ್ನು ಬಟ್ಟಲ ಬಿಳಿ ಕಾಣುವವರೆಗೆ ನೆಕ್ಕಿತು. ಜೀರಿಗೆ ದಂಗಾಗಿ ನೋಡಿತು. ತಿಂಗಳಾಗುವಷ್ಟರಲ್ಲಿ ತುಪ್ಪಳಕ್ಕೆ ಹೊಳಪು ಬಂತು. ಮೂರು ವರ್ಷ ಗಂಭೀರವಾಗಿದ್ದ ಪ್ರಾಣಿ ಕಾಲಡಿಯ ದಾರದ ಉಂಡೆಯ ಹಿಂದೆ ಓಡತೊಡಗಿತು. ಎಷ್ಟು ದಿನದಿಂದ ನೋವು ತಡೆದುಕೊಂಡಿತ್ತೋ ಎಂದು ಸೆಟ್ಟಪ್ಪನಿಗೆ ಆಗ ಅರಿವಾಯಿತು.

ಒಂದು ಸಂಜೆ ಅವನು ಅತ್ತೆಯ ಕೋಣೆಗೆ ಹೋಗಿ ನಿಂತ. “ಎಲ್ಲಿ ನೋಯುತ್ತೆ ನಿಮಗೆ?” ಎಂದು ಕೇಳಿದ.

“ನೋವು ಸಹಿಸ್ಕೋಬಹುದಪ್ಪ,” ಎಂದರು ಅತ್ತೆ. “ನನ್ನ ಕಷ್ಟ ಬೇರೆ. ಅದನ್ನ ಹಾಕ್ಕೊಂಡ್ರೆ ನನ್ನ ‘ಸ’ ಎಲ್ಲ ‘ಶ’ ಆಗುತ್ತೆ. ಇಪ್ಪತ್ತೆಂಟು ವರ್ಷ ಈ ದನೀಲೇ ಅನ್ನ ತಿಂದವಳು ನಾನು. ಹಲ್ಲಿಲ್ಲದೆ ಮಾತಾಡೋದು ಅಭ್ಯಾಸ ಮಾಡ್ಕೊಂಡೆ. ಸೀಟಿ ಹೊಡ್ಕೊಂಡು ಮಾತಾಡೋಕೆ ಆಗಲ್ಲ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ನೀನು ಎಷ್ಟು ಪ್ರೀತಿಯಿಂದ ಪಾರ್ಸೆಲ್ ಕಟ್ಟಿದ್ದೆ. ಒಳಗೆ ಒಂದು ಚೀಟಿ ಬೇರೆ.”

ಬಾಯಿ ನೋಡದೆ ಕಟ್ಟಿದ ಹಲ್ಲು ಅದು. ಹಿರಿಯ ಹಲ್ಲಿನ ಡಾಕ್ಟರಿಗೆ ಹೇಳಿ ಹೊಸ ಅಚ್ಚು ತೆಗೆಸಿದ. ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡುವ ದಿನ ತಾನೂ ಇರುತ್ತೇನೆ ಎಂದು ಅವರ ಒಪ್ಪಿಗೆ ಕೇಳಿದ. ತಾನು ಕಟ್ಟಿದ ಹಲ್ಲಿನ ಸುತ್ತ ಒಂದು ಮುಖ ಇರುವುದನ್ನು ಅವನು ಕೆಲಸದ ನಡುವೆ ನೋಡಿದ್ದು ಅದೇ ಮೊದಲು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಎಕ್ಸ್‌ಚೇಂಜಿನ ದನಿಯಲ್ಲಿ, “ಶಂಪರ್ಕ ಶಿಕ್ಕಿದೆ, ಮಾತಾಡಿ,” ಎಂದರು. ಸೆಟ್ಟಪ್ಪ ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದ. “ಸಂಪರ್ಕ ಶಿಕ್ಕಿದೆ.” ಅಂಗುಳಿನ ಮೇಣ ತುಸು ಕೆರೆದ. ನಾಲ್ಕು ಭೇಟಿಗಳಾದವು. ಐದನೆಯ ಭೇಟಿಯಲ್ಲಿ ಅತ್ತೆ, “ಆರು ಸೊನ್ನೆ ಸೊನ್ನೆ ಏಳು, ಸಂಪರ್ಕ ಸಿಕ್ಕಿದೆ, ಮಾತಾಡಿ,” ಎಂದು ಒಂದೇ ಉಸಿರಿಗೆ ಹೇಳಿದರು. ಆಮೇಲೆ ಕರವಸ್ತ್ರ ಹುಡುಕಿದರು. ಹಾಗೆಂದು ಅವರು ಸೆಟ್ಟನ್ನು ದಿನವಿಡೀ ಹಾಕಿಕೊಂಡಿರುತ್ತಾರೆ ಎಂದಲ್ಲ. ಫೋನಿಗೆ ಮತ್ತು ಮಾಂಸದ ಊಟಕ್ಕೆ ಹಾಕಿಕೊಳ್ಳುತ್ತಾರೆ. ಉಳಿದ ಹೊತ್ತು, ಇಬ್ಬರೂ ಒಂದೇ ಎನ್ನುತ್ತ, ದಫೇದಾರನ ಜತೆ ಬೊಚ್ಚುಬಾಯಲ್ಲೇ ಇರುತ್ತಾರೆ.

ದಫೇದಾರ ಈಗ ಹನ್ನೆರಡರ ಆಸುಪಾಸು ಎಂದು ಡಾಕ್ಟರಮ್ಮನ ಅಂದಾಜು. ಮೂತ್ರಪಿಂಡ ಕೊಂಚ ಸುಸ್ತಾಗಿದೆ, ಅದಕ್ಕೆ ಬೇರೆ ಊಟ ಬಂದಿದೆ. ಉಳಿದಂತೆ ಉಣ್ಣುತ್ತದೆ, ಮಲಗುತ್ತದೆ, ಕಿಟಕಿಯಿಂದ ಓಣಿಯ ಬೆಕ್ಕುಗಳನ್ನು ನೋಡಿ ಗಂಟಲಲ್ಲೇ ಗದರುತ್ತದೆ.

ಹೋದ ವರ್ಷ ಡಾಕ್ಟರಮ್ಮ ಫೋನ್ ಮಾಡಿದಾಗ ಎತ್ತಿದ್ದು ಹೆಂಡತಿ. ಕಪ್ಪು ಬೆಕ್ಕೊಂದು, ಹೆಣ್ಣು, ಇದೇ ಸೋಂಕು. ಸಾಕಿದ ಯಜಮಾನರು ತೀರಿಕೊಂಡು, ಹೇಳುವವರು ಕೇಳುವವರು ಇಲ್ಲದೆ ಆಸ್ಪತ್ರೆಯ ಗೂಡಿನಲ್ಲಿ ಏಳು ವಾರದಿಂದ ಇದೆ. ಹೆಂಡತಿ ಕೇಳಿಸಿಕೊಂಡು, “ಯಾರನ್ನಾದ್ರೂ ಕಚ್ಚುತ್ತಾ?” ಎಂದಳು. “ಊಹೂಂ. ಯಾರನ್ನೂ ನೋಡೋದೂ ಇಲ್ಲ,” ಎಂದರು ಡಾಕ್ಟರಮ್ಮ. ಅಂದು ಸಂಜೆಯ ಪಾಠ ಮುಗಿಸಿ ಬರುವಾಗ ಶಾಲೆಯ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದ ಒಂದು ಬುಟ್ಟಿ ಇತ್ತು. ಸೆಟ್ಟಪ್ಪ ಬಾಗಿಲಲ್ಲೇ ನಿಂತು, “ನನಗೆ ಹೇಳಲೇ ಇಲ್ಲ,” ಎಂದ. “ಈಗ ಹೇಳ್ತಾ ಇದೀನಲ್ಲ,” ಎಂದಳು.

ಮಸಿ ಎಂದು ಹೆಸರಿಟ್ಟರು. ಬಲೆಯ ಬಾಗಿಲು, ಹಾಸುಬಟ್ಟೆ, ಬಟ್ಟಲುಗಳ ಪಾಠವೆಲ್ಲ ಮೊದಲಿನಿಂದ ನಡೆಯಿತು. ಮೂರು ವಾರ ಅದು ಬೀರುವಿನ ಹಿಂದಿನಿಂದ ಹೊರಬರಲಿಲ್ಲ. ಊಟ ಮಾತ್ರ ಯಾರೂ ಇಲ್ಲದಾಗ ಖಾಲಿಯಾಗುತ್ತಿತ್ತು. ನಾಲ್ಕನೇ ವಾರ ಬಲೆಯ ಬಾಗಿಲು ತೆಗೆದಿಟ್ಟ ಮೇಲೆ ಒಂದು ಬೆಳಿಗ್ಗೆ ಸೆಟ್ಟಪ್ಪ ಮುಖ ತೊಳೆಯಲು ಬಚ್ಚಲುಮನೆಗೆ ಹೋದರೆ, ಕೈತೊಳೆಯುವ ಬೇಸಿನ್ನಿನೊಳಗೆ ಮಸಿ ಚಕ್ರದಂತೆ ಸುತ್ತಿಕೊಂಡು ಮಲಗಿತ್ತು. ಬಟ್ಟಲಿಗೆ ಹುಯ್ದ ಹಾಗೆ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದರ ಮೈ ಅಲ್ಲಿ ಕೂತಿತ್ತು. ಅವನನ್ನು ನೋಡಿ ಕಣ್ಣು ಮಿಟುಕಿಸಿತು, ಏಳಲಿಲ್ಲ. ಅವನು ಸದ್ದಾಗದಂತೆ ಟವೆಲ್ ಎತ್ತಿಕೊಂಡು ಹಿತ್ತಲಿನ ನಲ್ಲಿಗೆ ಹೋದ. ಸ್ವಲ್ಪ ಹೊತ್ತಿಗೆ ಹೆಂಡತಿಯೂ ಅಲ್ಲಿಗೇ ಬಂದಳು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಹಿತ್ತಲಿನಲ್ಲೇ ಮುಖ ತೊಳೆಯುತ್ತಾರೆ.